ಗೈರುಹಾಜರಿಗೆ ಬಲಿಯಾಗುವ ಹಕ್ಕು

ಕೆಲಸದಲ್ಲಿ ಅಪಘಾತಕ್ಕೀಡಾದ ಕೂಲಿಕಾರನ ಪರಿಹಾರದ ಅರ್ಜಿಯು ಎರಡು ರೀತಿಯಿಂದ ವಜಾ ಆಗಬಹುದು. ಸಾಕ್ಷ್ಯವನ್ನೆಲ್ಲ ವಿಚಾರಿಸಿದ ಬಳಿಕ ಅವನ ಹಕ್ಕು ಸಿದ್ಧವಾಗಲಿಲ್ಲವೆಂದು ಕಂಡುಬಂದಾಗ ಆಗುವ ವಜಾ ಒಂದು. ಅದು ನ್ಯಾಯನಿರ್ಣಯ, ಅದಕ್ಕೆ ಯಾರಾದರೂ ತಲೆಬಾಗಬೇಕಾದುದೇ. ಹೆಸರನ್ನು ಕೂಗಿದಾಗ ಅವನಾಗಲಿ ಅವನ ವಕೀಲನಾಗಲಿ ಹಾಜರಿರಲಿಲ್ಲವಾದುದರಿಂದ, ಅರ್ಜಿದಾರನು ಪ್ರಕರಣವನ್ನು ನಡೆಸಲಿಲ್ಲವೆಂದು ಒಂದು ಸಾಲು ಬರೆದು ಕಡತವನ್ನು ಕಟ್ಟಿಡುವುದು ಎರಡನೆಯದು. ಅಪಘಾತವು ನಡೆಯಿತೇ, ಕೆಲಸದ ನಿಮಿತ್ತವಾಗಿಯೇ ನಡೆಯಿತೇ, ಎಷ್ಟು ಹಣ ಸಲ್ಲಬೇಕು ಎಂಬ ಪ್ರಶ್ನೆಗಳಲ್ಲಿ ಒಂದಕ್ಕೂ ಇಲ್ಲಿ ಉತ್ತರವಿಲ್ಲ. ಉತ್ತರವು ದೊರೆಯುವ ಮೊದಲೇ ಹಕ್ಕು ಮಣ್ಣುಗೂಡಿರುತ್ತದೆ. ಇದು ನ್ಯಾಯವೇ ಎಂಬುದನ್ನು ವಿಚಾರ ಮಾಡುವ ಕಾಲವು ಬಂದಿದೆಯೆಂದು ನಾವು ತಿಳಿಯುತ್ತೇವೆ.

ಕೂಲಿಕಾರರ ಪರಿಹಾರದ ಕಾಯಿದೆಯು ನಮ್ಮ ದೇಶದಲ್ಲಿ 1923ರಲ್ಲಿ ಹುಟ್ಟಿ, 1924ರ ಜುಲೈ 1ರಿಂದ ಜಾರಿಗೆ ಬಂದಿತು. ನೂರು ವರ್ಷಗಳಿಗೂ ಮೇಲ್ಪಟ್ಟು ಬಾಳಿದ ಆ ಕಾಯಿದೆಯ ಸ್ಥಾನವನ್ನು 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಪಡೆದಿದೆ. ಹಳೆಯ ಕಾಯಿದೆಯ ಆಶಯದಲ್ಲಿ ಯಾವ ಸಂದಿಗ್ಧತೆಯೂ ಇರಲಿಲ್ಲ. ಸಿವಿಲ್ ಕೋರ್ಟುಗಳ ದೀರ್ಘವಾದ ದಾರಿಯಲ್ಲಿ ಬಡವನು ಬಳಲಬಾರದೆಂದೇ ಅದು ಈ ವಿಷಯವನ್ನು ಆ ಕೋರ್ಟುಗಳಿಂದ ತೆಗೆದು ಕಮಿಷನರರಿಗೆ ಒಪ್ಪಿಸಿತು. ಅರ್ಜಿದಾರನು ನಿರಕ್ಷರಿಯಾಗಿದ್ದು, ತಾನಾಗಿ ಬಯಸಿದರೆ, ಅವನ ಅರ್ಜಿಯನ್ನು ಕಮಿಷನರರ ನಿರ್ದೇಶದಲ್ಲಿಯೇ ಸಿದ್ಧಗೊಳಿಸಬೇಕೆಂದು ಅದರ 22ನೆಯ ಕಲಮು ವಿಧಿಸಿತ್ತು. ಕೂಲಿಕಾರನು ಕೆಲಸದಲ್ಲಿ ಮಡಿದನೆಂಬ ಸುದ್ದಿ ಯಾವ ಮೂಲದಿಂದ ಬಂದರೂ ಮಾಲಿಕನಿಂದ ವಿವರಣೆಯನ್ನು ಕೇಳುವ ಅಧಿಕಾರ ಕಮಿಷನರರಿಗಿತ್ತು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವೆನೆಂದು ಕೂಲಿಕಾರನು ಬರೆದುಕೊಟ್ಟ ಕರಾರು ಸಹ ಅಸಿಂಧುವಾಗುತ್ತಿತ್ತು. ಪ್ರಕರಣವನ್ನು ಮೂರು ತಿಂಗಳೊಳಗೆ ತೀರಿಸಬೇಕೆಂಬ ಕಟ್ಟಳೆಯು 2009ರ ತಿದ್ದುಪಡಿಯಿಂದ ಸೇರಿತು. ಕೂಲಿಕಾರನಿಗೆ ಅವನ ಹಕ್ಕನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ತಿಳಿಸುವ ಹೊಣೆಯನ್ನು 2017ರ ತಿದ್ದುಪಡಿಯು ಮಾಲಿಕನ ಮೇಲೆ ಹೊರಿಸಿತು.

ಇಷ್ಟು ಕನಿಕರವುಳ್ಳ ಕಾಯಿದೆಯೊಳಗೆ ಗೈರುಹಾಜರಿಯ ವಜಾ ಹೇಗೆ ನುಸುಳಿತು? ಕಾಯಿದೆಯ ಅಡಿಯಲ್ಲಿ 1924ರಲ್ಲಿ ಮಾಡಿದ ನಿಯಮಗಳ ಪೈಕಿ 41ನೆಯದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕೆಲವು ಭಾಗಗಳನ್ನು ಕಮಿಷನರರ ಕಚೇರಿಗೂ ಅನ್ವಯಿಸಿತು. ಆ ಭಾಗಗಳಲ್ಲಿ ಹಾಜರಿ-ಗೈರುಹಾಜರಿಗಳಿಗೆ ಸಂಬಂಧಿಸಿದ ಒಂಬತ್ತನೆಯ ಆದೇಶವೂ ಒಂದು. ಅದರಂತೆ ಪ್ರತಿವಾದಿಯು ಹಾಜರಿದ್ದು ವಾದಿಯು ಇಲ್ಲದಿದ್ದರೆ, ಪ್ರತಿವಾದಿಯು ಒಪ್ಪಿಕೊಂಡಷ್ಟನ್ನುಳಿದು ದಾವೆಯು ವಜಾ ಆಗುತ್ತದೆ. ಅದೇ ಕಾರಣಕ್ಕಾಗಿ ಮತ್ತೊಂದು ದಾವೆ ಹೂಡುವಂತಿಲ್ಲ. ತಕ್ಕ ಕಾರಣವನ್ನು ತೋರಿಸಿ ಹಳೆಯದನ್ನೇ ಮತ್ತೆ ಎತ್ತಿಸಿಕೊಳ್ಳಬೇಕು. ಅದಕ್ಕೆ ಸಿವಿಲ್ ಕೋರ್ಟುಗಳಲ್ಲಿರುವ ಅವಧಿ 30 ದಿನ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯವಾಗಿದೆ. ಆದರೆ ಒಂದು ಸಂಗತಿಯನ್ನು ಮರೆಯಲಾಗದು. ಈ ಕಟ್ಟಳೆಗಳು ಅನ್ವಯಿಸಬಹುದಾದ ಮಟ್ಟಿಗೆ ಮಾತ್ರ ಅನ್ವಯಿಸುವುವೆಂದು ಅದೇ 41ನೆಯ ನಿಯಮವು ಹೇಳಿತ್ತು. ಆ ಮಿತಿಯನ್ನು ಓದದೆ ಉಳಿದುದನ್ನು ಮಾತ್ರ ಓದುವುದು ಶಾಸನಕ್ಕೆ ಬಗೆಯುವ ಅಪಚಾರ.

ಒಂದು ದಿನದ ಗೈರುಹಾಜರಿಯ ಬೆಲೆ ಎಷ್ಟೆಂಬುದನ್ನು ವಾಚಕರು ಅಂಕೆಗಳಿಂದಲೇ ಕಾಣಲಿ. ಪರಿಹಾರದ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿಯನ್ನು 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿಸಲಾಯಿತು. ಮೂವತ್ತು ವರ್ಷದ ಕೂಲಿಕಾರನು ಮಡಿದರೆ ಅದರ ಅರ್ಧವನ್ನು, ಎಂದರೆ 7,500 ರೂಪಾಯಿಯನ್ನು, ಅವನ ವಯಸ್ಸಿಗೆ ಗೊತ್ತುಪಡಿಸಿದ 207.98ರಿಂದ ಗುಣಿಸಬೇಕು. ದೊರೆಯುವ ಮೊತ್ತ 15,59,850 ರೂಪಾಯಿ. ಹೊತ್ತಿಗೆ ಸರಿಯಾಗಿ ಕೊಡದಿದ್ದರೆ ನೂರಕ್ಕೆ 12ರಂತೆ ಬಡ್ಡಿ ಬೇರೆ. ಗಂಡನನ್ನು ಕಳೆದುಕೊಂಡು ಎಳೆಯ ಮಕ್ಕಳನ್ನು ಸಾಕಬೇಕಾದವಳ ಪಾಲಿಗೆ ಇದು ಜೀವನಾಧಾರ. ಬಸ್ಸು ತಪ್ಪಿತೆಂದೋ, ವಕೀಲನು ಬೇರೊಂದು ಕೋರ್ಟಿನಲ್ಲಿದ್ದನೆಂದೋ ಇಷ್ಟು ಹಣವು ಮಾಲಿಕನಲ್ಲಿಯೇ ಅಥವಾ ವಿಮಾ ಕಂಪನಿಯಲ್ಲಿಯೇ ಉಳಿಯುವುದಾದರೆ, ತಪ್ಪಿಗೂ ದಂಡಕ್ಕೂ ಏನು ಪ್ರಮಾಣವಿದ್ದಂತಾಯಿತು?

ನಮ್ಮ ಮುಖ್ಯ ವಾದವು ಇದಕ್ಕಿಂತಲೂ ಆಳವಾದುದು. ಪರಿಹಾರದ ಋಣವು ಹುಟ್ಟುವುದು ಯಾವಾಗ? ಎಡತೋಳನ್ನು ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಇದಕ್ಕೆ ಉತ್ತರ ಕೊಟ್ಟು ಅರ್ಧ ಶತಮಾನವಾಯಿತು. ಗಾಯವಾದ ಕ್ಷಣದಲ್ಲಿಯೇ ಮಾಲಿಕನ ಹೊಣೆಯು ಹುಟ್ಟುತ್ತದೆ. ಕಮಿಷನರರ ತೀರ್ಪಿನವರೆಗೆ ಅದು ಕಾಯುವುದಿಲ್ಲ ಎಂಬುದೇ ಆ ನಿರ್ಣಯದ ಸಾರ. ಋಣವು ಅರ್ಜಿಯಿಂದ ಹುಟ್ಟುವುದಿಲ್ಲವೆಂದ ಮೇಲೆ ಅರ್ಜಿದಾರನ ಗೈರುಹಾಜರಿಯಿಂದ ಅದು ಸಾಯುವುದು ಹೇಗೆ? ಕಮಿಷನರರ ಕೆಲಸವು ಇರುವ ಋಣವನ್ನು ಎಣಿಸಿ ಕೊಡಿಸುವುದೇ ಹೊರತು, ಇಬ್ಬರು ಜಟ್ಟಿಗಳಲ್ಲಿ ಅಖಾಡಕ್ಕೆ ಬಾರದವನನ್ನು ಸೋತವನೆಂದು ಸಾರುವುದಲ್ಲ.

ಕೂಲಿಕಾರನು ಏಕೆ ಬರುವುದಿಲ್ಲ? ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆಂದು ಗುಳೆ ಬಂದವನು, ಮೈ ಮುರಿದ ಮೇಲೆ ಊರಿಗೇ ಮರಳಬೇಕು. ತಾನು ವಾಸಿಸುವ ಸ್ಥಳದಲ್ಲಿಯೇ ಅರ್ಜಿ ಹಾಕುವ ಹಕ್ಕನ್ನು 1995ರ ತಿದ್ದುಪಡಿಯು ಕೊಟ್ಟಿದ್ದರೂ ಅದನ್ನು ಅವನಿಗೆ ತಿಳಿಸುವವರು ವಿರಳ. ಪ್ರತಿಯೊಂದು ತಾರೀಖೂ ಅವನಿಗೆ ಒಂದು ದಿನದ ಕೂಲಿಯ ನಷ್ಟ, ದಾರಿಯ ಖರ್ಚು. ಎದುರು ಪಕ್ಷದ ಬೇಡಿಕೆಯಿಂದ ಹತ್ತು ಸಲ ಮುಂದೆ ಹೋದ ಪ್ರಕರಣವು, ಹನ್ನೊಂದನೆಯ ಸಲ ಇವನು ಬಾರದಿದ್ದಾಗ ಇವನ ತಪ್ಪಿನಿಂದ ವಜಾ ಆಗುವುದು ಗಾಯದ ಮೇಲೆ ಬರೆ ಎಳೆದಂತೆ. ವಕೀಲನ ಗೈರುಹಾಜರಿಗಾಗಿ ನಿರ್ದೋಷಿಯಾದ ಕಕ್ಷಿದಾರನು ಕೆಡಬಾರದೆಂದು ಸುಪ್ರೀಂ ಕೋರ್ಟು 1981ರಲ್ಲಿಯೇ ಹೇಳಿದೆ. ಕೂಲಿಕಾರನಿಗೆ ಆ ಮಾತು ಸಲ್ಲದಿದ್ದರೆ ಮತ್ತಾರಿಗೆ ಸಲ್ಲಬೇಕು?

ಕಡತಗಳು ಬೆಳೆಯುತ್ತಿವೆ, ಬಾರದವನಿಗಾಗಿ ಕಚೇರಿಯು ಎಂದೆಂದಿಗೂ ಕಾಯಲಾಗದು, ಪ್ರತಿವಾದಿಯಾದ ಚಿಕ್ಕ ಮಾಲಿಕನಿಗೂ ಒಂದು ನೆಮ್ಮದಿ ಬೇಕು, ಸುಳ್ಳು ಅರ್ಜಿಗಳೂ ಉಂಟು ಎಂದು ಹೇಳುವವರಿದ್ದಾರೆ. ಈ ಮಾತುಗಳಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಸುಳ್ಳು ಅರ್ಜಿಗೆ ಮದ್ದು ವಿಚಾರಣೆ. ವಿಚಾರಣೆಯಿಲ್ಲದ ವಜಾ ಸುಳ್ಳನ್ನೂ ಸತ್ಯವನ್ನೂ ಒಂದೇ ಗುಂಡಿಯಲ್ಲಿ ಹೂಳುತ್ತದೆ. ಕಡತವನ್ನು ಮುಗಿಸುವುದು ಬೇರೆ, ಪ್ರಕರಣವನ್ನು ತೀರಿಸುವುದು ಬೇರೆ.

ಆದುದರಿಂದ ಹೊಸ ಸಂಹಿತೆಯನ್ನು ನಡೆಸುವ ಕೇಂದ್ರ ಮತ್ತು ರಾಜ್ಯ ಸರಕಾರಗಳ ಮುಂದೆ ನಾಲ್ಕು ಬೇಡಿಕೆಗಳನ್ನು ಇಡುತ್ತೇವೆ. ವಜಾ ಮಾಡುವ ಮುನ್ನ, ವಕೀಲನಿಗಲ್ಲದೆ ಕೂಲಿಕಾರನಿಗೇ, ಅವನ ಭಾಷೆಯಲ್ಲಿ, ಅವನ ಊರಿನ ವಿಳಾಸಕ್ಕೆ ಕಡೆಯ ನೋಟೀಸು ಮುಟ್ಟಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಂತೆ ಕೈಗಾರಿಕಾ ಕೆಲಸಗಾರನಿಗೂ ಹೆಂಗಸರು ಮಕ್ಕಳಿಗೂ ಉಚಿತ ನೆರವಿನ ಹಕ್ಕಿರುವುದರಿಂದ, ಅಂತಹ ಪ್ರಕರಣದ ಸುದ್ದಿಯು ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ ಒಬ್ಬ ವಕೀಲನು ನೇಮಕವಾಗಬೇಕು. ಅಪಘಾತವನ್ನೂ ಕೆಲಸದ ಸಂಬಂಧವನ್ನೂ ಮಾಲಿಕನು ಒಪ್ಪಿರುವಲ್ಲಿ, ಅಥವಾ ಅವು ಪೊಲೀಸ್ ಮತ್ತು ಆಸ್ಪತ್ರೆಯ ದಾಖಲೆಗಳಿಂದ ಕಾಣುವಲ್ಲಿ, ಕಡತದಲ್ಲಿರುವುದರ ಮೇಲೆಯೇ ಗುಣದೋಷವನ್ನು ನಿರ್ಣಯಿಸಬೇಕು. ಸಾವಿನ ಪ್ರಕರಣವನ್ನಂತೂ ಗೈರುಹಾಜರಿಗಾಗಿ ವಜಾ ಮಾಡಲೇಬಾರದು; ಅಲ್ಲಿ ಹಕ್ಕುದಾರರಾದ ಮಕ್ಕಳಿಗೆ ಹಾಜರಾಗುವ ವಯಸ್ಸೇ ಬಂದಿರುವುದಿಲ್ಲ.

ಇವುಗಳಿಗೆ ಹೊಸ ಬೊಕ್ಕಸವೇನೂ ಬೇಕಾಗಿಲ್ಲ. ಒಂದು ನೋಟೀಸು, ಒಬ್ಬ ವಕೀಲ, ಕಡತವನ್ನು ತೆರೆದು ಓದುವ ಅರ್ಧ ಗಂಟೆಯ ತಾಳ್ಮೆ ಸಾಕು. ನಮ್ಮ ನಗರಗಳ ಮಾಳಿಗೆಗಳನ್ನು ಎತ್ತಿದ ಕೈಗಳು ಆ ಕೆಲಸದಲ್ಲಿಯೇ ಮುರಿದಾಗ, ಅವು ನ್ಯಾಯದ ಬಾಗಿಲನ್ನು ತಟ್ಟುವುದು ತುಸು ತಡವಾಯಿತೆಂದು ಬಾಗಿಲನ್ನು ಇಕ್ಕುವುದು ಸ್ವತಂತ್ರ ರಾಷ್ಟ್ರಕ್ಕೆ ಶೋಭಿಸದು.