ಅಗೆದು ನೋಡಿದ ಲೆಕ್ಕ

ನಮ್ಮ ಕನ್ನಡ ಬಳಗದಲ್ಲಿ ಈಗ ಎರಡು ಪಂಗಡಗಳಾಗಿವೆ. ಅಧ್ಯಕ್ಷರ ಚುನಾವಣೆಯ ಮಾತಲ್ಲ, ಗಾಬರಿಯಾಗಬೇಡಿ. ಯುಗಾದಿಗೆ ಸೇರಲಿ, ಗಣೇಶನ ಹಬ್ಬಕ್ಕೆ ಸೇರಲಿ, ಬಿಸಿಬೇಳೆಭಾತಿನ ತಟ್ಟೆ ಕೈಗೆ ಬಂದ ಐದು ನಿಮಿಷಕ್ಕೆ ಮಾತು ಗಣಕಯಂತ್ರದ ಕೃತಕ ಬುದ್ಧಿಯ ಕಡೆಗೆ ತಿರುಗುತ್ತದೆ. ಒಂದು ಪಂಗಡ ಹೆಚ್ಚಾಗಿ ಪ್ರೋಗ್ರಾಮ್ ಬರೆದು ಅನ್ನ ತಿನ್ನುವವರದು. ಇನ್ನು ಹತ್ತು ವರ್ಷಕ್ಕೆ ವೈದ್ಯರು ಬೇಡ, ವಕೀಲರು ಬೇಡ, ಸತ್ಯನಾರಾಯಣ ಪೂಜೆಗೆ ಪುರೋಹಿತರೂ ಬೇಡ, ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುತ್ತದೆ ಎಂದು ಇವರ ವಾದ. "ಅದೆಲ್ಲ ಬರೀ ಬುರುಡೆ, ಷೇರು ಮಾರುವ ಉಪಾಯ" ಎನ್ನುವುದು ಇನ್ನೊಂದು ಪಂಗಡ. ನಾವು ರಸಾಯನಶಾಸ್ತ್ರದವರು, ಪ್ರಯೋಗಶಾಲೆಯಲ್ಲಿ ಕೈ ಮಸಿ ಮಾಡಿಕೊಳ್ಳುವ ಜಾತಿ, ಎರಡು ಕಡೆಗೂ ಸಲ್ಲದವರು. ಇಬ್ಬರನ್ನೂ ನಮಗೆ ಕೇಳಬೇಕೆನಿಸುವುದು ಒಂದೇ ಪ್ರಶ್ನೆ: ಎಷ್ಟು ಕಡೆ ಅಗೆದು ನೋಡಿದಿರಿ, ಎಷ್ಟು ಕಡೆ ಸಿಕ್ಕಿತು?

ಅಗೆಯುವುದೆಂದರೆ ಇಲ್ಲಿ ಅಲಂಕಾರದ ಮಾತಲ್ಲ, ಗುದ್ದಲಿಯ ಮಾತೇ. ಡೆಟ್ರಾಯಿಟ್ ಕಡೆಯ ವಾಚಕರಿಗೆ ಫ್ಲಿಂಟ್ ಊರು ಹೊಸದಲ್ಲ. ಟ್ರಾಯ್‌ನಿಂದಲೋ ನೋವೈಯಿಂದಲೋ ಕಾರು ಹತ್ತಿದರೆ ಗಂಟೆಯೊಳಗಿನ ದಾರಿ. ಅಲ್ಲಿಯ ನೀರಿನ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಆದರೆ ಕಥೆಯ ಎರಡನೆಯ ಭಾಗವನ್ನು, ಅಂದರೆ ಗಣಕಯಂತ್ರ ಬಂದ ಮೇಲೆ ಏನಾಯಿತೆಂಬುದನ್ನು, ಬಹಳ ಮಂದಿ ಕೇಳಿದಂತಿಲ್ಲ.

ಮೊದಲು ಒಂದಿಷ್ಟು ರಸಾಯನಶಾಸ್ತ್ರ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ ಕುದಿಸಿದರೆ ಏನಾಗುತ್ತದೆಂದು ನಮ್ಮ ಅಜ್ಜಿಯಂದಿರಿಗೆ ಚೆನ್ನಾಗಿ ಗೊತ್ತಿತ್ತು. ಕಿಲುಬು ಇಳಿದು ಊಟ ಕೆಡುತ್ತದೆ. ಬೀದಿಯ ದೊಡ್ಡ ಕೊಳವೆಯಿಂದ ಮನೆಗೆ ನೀರು ತರುವ ಸೀಸದ ಸರ್ವಿಸ್ ಪೈಪಿಗೂ ಒಂದು ಬಗೆಯ ಕಲಾಯಿ ಉಂಟು. ನೀರಿಗೆ ಆರ್ಥೋಫಾಸ್ಫೇಟ್ ಎಂಬ ಲವಣವನ್ನು ಒಂದಿಷ್ಟು ಬೆರೆಸಿದರೆ, ಅದು ಸೀಸದೊಡನೆ ಸೇರಿ ಪೈಪಿನ ಒಳಗೋಡೆಗೆ ಸುಲಭವಾಗಿ ಕರಗದ ಪದರ ಕಟ್ಟುತ್ತದೆ. ಡೆಟ್ರಾಯಿಟ್ ವ್ಯವಸ್ಥೆಯಿಂದ ಫ್ಲಿಂಟ್‌ಗೆ ಬರುತ್ತಿದ್ದ ಹ್ಯೂರಾನ್ ಸರೋವರದ ನೀರಿನಲ್ಲಿ ಈ ಲವಣವಿತ್ತು. ಖರ್ಚು ಉಳಿಸಲೆಂದು 2014ರ ಏಪ್ರಿಲ್ 25ರಂದು ಊರಿಗೆ ಫ್ಲಿಂಟ್ ನದಿಯ ನೀರು ಬಿಟ್ಟರು. ಅದರಲ್ಲಿ ಕ್ಲೋರೈಡು ಹೆಚ್ಚು. ಆರ್ಥೋಫಾಸ್ಫೇಟನ್ನು ಬೆರೆಸಲೇ ಇಲ್ಲ. ಪೈಪಿನ ಕಲಾಯಿ ಬಿಟ್ಟಿತು, ಸೀಸ ನೀರಿಗಿಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜನರಲ್ ಮೋಟಾರ್ಸ್‌ನವರು, ಈ ನೀರು ನಮ್ಮ ಎಂಜಿನ್ ಭಾಗಗಳನ್ನು ತುಕ್ಕು ಹಿಡಿಸುತ್ತಿದೆ ಎಂದು, ತಮ್ಮ ಕಾರ್ಖಾನೆಗೆ ಅದನ್ನು ನಿಲ್ಲಿಸಿಬಿಟ್ಟರು. ಕಬ್ಬಿಣಕ್ಕೆ ಆಗದ ನೀರನ್ನು ಊರಿನ ಮಕ್ಕಳು ಇನ್ನೂ ಒಂದು ವರ್ಷ ಕುಡಿದರು.

ಈ ಒಂದು ವರ್ಷದಲ್ಲಿ ಜನರಿಗೆ ಸಿಕ್ಕ ಉತ್ತರ "ನೀರು ಚೆನ್ನಾಗಿದೆ" ಎಂಬುದು. 2015ರಲ್ಲಿ ರಾಜ್ಯದ ಅಧಿಕಾರಿಗಳು ಊರಿನ ನೀರಿನ ಮಾದರಿಗಳ ಪಟ್ಟಿಯಿಂದ ಸೀಸ ಹೆಚ್ಚಿದ್ದ ಎರಡನ್ನು ಬಿಡಿಸಿದರು. ಎರಡೇ ಎರಡು. ಅಷ್ಟರಿಂದಲೇ ಊರಿನ ಅಂಕಿ ಕಾನೂನಿನ ಮಿತಿಯ ಮೇಲಿನಿಂದ ಕೆಳಕ್ಕೆ ಇಳಿಯಿತು. ಕೊನೆಗೆ ನಿಜ ಹೊರಬಿದ್ದದ್ದು ವರ್ಜೀನಿಯಾ ಟೆಕ್‌ನ ಮಾರ್ಕ್ ಎಡ್ವರ್ಡ್ಸ್ ಅವರ ತಂಡ ಮನೆಮನೆಯ ನೀರನ್ನು ಪರೀಕ್ಷಿಸಿದ್ದರಿಂದ, ಮತ್ತು ಮಕ್ಕಳ ವೈದ್ಯೆ ಡಾ. ಮೋನಾ ಹಾನಾ-ಅತೀಶಾ ಅವರು ಆಸ್ಪತ್ರೆಯ ಗಣಕಯಂತ್ರದಲ್ಲಿದ್ದ ರಕ್ತಪರೀಕ್ಷೆಯ ದಾಖಲೆಗಳನ್ನು ಕೂಡಿಸಿ ನೋಡಿದ್ದರಿಂದ. ರಕ್ತದಲ್ಲಿ ಸೀಸ ಹೆಚ್ಚಿದ್ದ ಐದು ವರ್ಷದೊಳಗಿನ ಮಕ್ಕಳು ಮೊದಲು ನೂರಕ್ಕೆ 2.4, ನೀರು ಬದಲಾದ ಮೇಲೆ 4.9. ಈ ಲೆಕ್ಕಕ್ಕೆ ಕೃತಕ ಬುದ್ಧಿ ಬೇಕಾಗಿರಲಿಲ್ಲ. ಕೂಡಿಸಿ ಕಳೆಯುವ ಬುದ್ಧಿ, ಅದನ್ನು ಎದ್ದುನಿಂತು ಹೇಳುವ ಎದೆಗಾರಿಕೆ ಇದ್ದರೆ ಸಾಕಾಗಿತ್ತು. 2015ರ ಅಕ್ಟೋಬರಿನಲ್ಲಿ ಡೆಟ್ರಾಯಿಟ್ ನೀರು ಮರಳಿ ಬಂತು.

ಇನ್ನು ಸೀಸದ ಪೈಪುಗಳನ್ನು ಕಿತ್ತು ತಾಮ್ರದ್ದು ಹಾಕಬೇಕು. ಯಾವ ಮನೆಯ ಮುಂದೆ ಸೀಸ, ಯಾವ ಮನೆಯ ಮುಂದೆ ತಾಮ್ರ? ಊರಿನ ದಾಖಲೆಯೆಂದರೆ ಹಳೆಯ ನಕ್ಷೆಗಳು ಮತ್ತು ಪೆನ್ಸಿಲಿನಲ್ಲಿ ಗೀಚಿದ ಸಾವಿರಾರು ರಟ್ಟಿನ ಚೀಟಿಗಳು. ಅದರಲ್ಲಿ ಬರೆದದ್ದೇ ಒಂದು, ನೆಲದಲ್ಲಿರುವುದೇ ಒಂದು. ಆಗ 2016ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಜೇಕಬ್ ಅಬರ್ನೆಥಿ ಮತ್ತು ಎರಿಕ್ ಶ್ವಾರ್ಟ್ಸ್ ಎಂಬ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಒಂದು ಪ್ರೋಗ್ರಾಮ್ ಮಾಡಿದರು. ಮನೆ ಕಟ್ಟಿದ ವರ್ಷ, ಅದರ ಬೆಲೆ, ಬೀದಿ, ಹಳೆಯ ಚೀಟಿ, ಇವನ್ನೆಲ್ಲ ಕೊಟ್ಟರೆ, ಈ ಮನೆಯ ಮುಂದೆ ಸೀಸವಿರುವ ಸಂಭವ ಎಷ್ಟೆಂದು ಅದು ಹೇಳುತ್ತಿತ್ತು. ಅಗೆದು ನೋಡಿದ ಪ್ರತಿಯೊಂದು ಗುಂಡಿಯ ಫಲವನ್ನೂ ಮತ್ತೆ ಅದಕ್ಕೇ ಉಣಿಸಿ ತಿದ್ದುತ್ತಿದ್ದರು. 2017ರಲ್ಲಿ ಈ ಲೆಕ್ಕವನ್ನು ಅನುಸರಿಸಿ ಅಗೆದ ಕಡೆ, ನೂರಕ್ಕೆ ಸುಮಾರು 70 ಮನೆಗಳಲ್ಲಿ ಬದಲಾಯಿಸಬೇಕಾದ ಪೈಪೇ ಸಿಕ್ಕಿತು.

2018ರಲ್ಲಿ ಕೆಲಸ ಬೇರೆಯವರ ಕೈಗೆ ಹೋಯಿತು, ಲೆಕ್ಕ ಮೂಲೆ ಸೇರಿತು. "ಪಕ್ಕದ ಬೀದಿ ಅಗೆದಿರಿ, ನಮ್ಮದನ್ನೇಕೆ ಬಿಟ್ಟಿರಿ" ಎಂದು ಜನರ ಒತ್ತಾಯವೂ ಇತ್ತು. ಎಲ್ಲ ವಾರ್ಡುಗಳಲ್ಲೂ ಸಾಲಾಗಿ ಅಗೆಯುತ್ತ ಹೋದರು. ಆ ವರ್ಷ ಹತ್ತು ಸಾವಿರಕ್ಕೂ ಹೆಚ್ಚು ಮನೆಗಳ ಮುಂದೆ ಗುಂಡಿ ತೋಡಿದರು. ನೂರಕ್ಕೆ ಸುಮಾರು 15ರಲ್ಲಿ ಮಾತ್ರ ಸೀಸ ಸಿಕ್ಕಿತು. ಉಳಿದ ಕಡೆ ಒಳ್ಳೆಯ ತಾಮ್ರದ ಪೈಪನ್ನು ನೋಡಿ ಮಣ್ಣು ಮುಚ್ಚಿದರು. ಅತ್ತ ನಿಜವಾಗಿ ಸೀಸವಿದ್ದ ಮನೆಯ ಮಗು ಇನ್ನೊಂದು ವರ್ಷ ಕಾಯಿತು. 2019ರಲ್ಲಿ ನ್ಯಾಯಾಲಯದ ಮೂಲಕ ಒಪ್ಪಂದವಾಗಿ, ಪ್ರಾಧ್ಯಾಪಕರ ಲೆಕ್ಕವನ್ನು ಮತ್ತೆ ಬಳಸುವಂತಾಯಿತು. ಫ್ಲಿಂಟ್‌ನಲ್ಲಿ ಸುಮಾರು 11,000 ಸೀಸದ ಪೈಪುಗಳನ್ನು ಬದಲಾಯಿಸಿ ಆಯಿತೆಂದು ಘೋಷಣೆ ಹೊರಟದ್ದು 2025ರ ಜುಲೈನಲ್ಲಿ, ನೀರು ಕೆಟ್ಟು ಹನ್ನೊಂದು ವರ್ಷದ ಮೇಲೆ.

ಇದನ್ನು ಕೇಳಿದರೆ ನಮ್ಮ ಪ್ರೋಗ್ರಾಮ್ ಪಂಗಡದವರು, "ನೋಡಿದಿರಾ? ದಡ್ಡ ಜನ, ಯಂತ್ರದ ಮಾತು ಕೇಳಲಿಲ್ಲ" ಎಂದಾರು. ಅದನ್ನು ನಾವು ಒಪ್ಪುವುದಿಲ್ಲ. ಆ ಜನ ಮೊದಲೂ ಅಂಕಿ ಅಂಶಗಳನ್ನು ಕೇಳಿದ್ದವರೇ. ಎರಡು ಮಾದರಿಗಳನ್ನು ಬಿಡಿಸಿದ್ದ ಅಂಕಿಗಳನ್ನು ಒಂದು ವರ್ಷ ನೀರಿನ ಜೊತೆಗೇ ಕುಡಿಸಿದ್ದರು. ಅಂಥವರ ಬಾಗಿಲಿಗೆ ಹೋಗಿ, "ನಿಮ್ಮ ಮನೆಯಲ್ಲಿ ಸೀಸವಿಲ್ಲವೆಂದು ಗಣಕಯಂತ್ರ ಹೇಳುತ್ತದೆ, ಆದ್ದರಿಂದ ಅಗೆಯುವುದಿಲ್ಲ" ಎಂದರೆ ಯಾವ ತಾಯಿ ಒಪ್ಪಿಯಾಳು? ಸುಟ್ಟ ಕೈ ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. ಲೆಕ್ಕ ಸರಿಯಾಗಿತ್ತು; ಲೆಕ್ಕ ಹೇಳುವವರ ಮಾತಿಗೆ ಬೆಲೆ ಉಳಿದಿರಲಿಲ್ಲ. ಮೊದಲು ಎಲ್ಲಿ ಅಗೆಯಬೇಕೆಂದು ಯಂತ್ರ ಹೇಳಲಿ, ಬಹಳ ಒಳ್ಳೆಯದು. ಎಲ್ಲಿ ಅಗೆಯುವುದೇ ಬೇಡ ಎಂಬ ಮಾತನ್ನು ಮಾತ್ರ ಮನುಷ್ಯರು ಬಂದು, ಕೂತು, ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟು ಹೇಳಬೇಕು. ಇದು ನಮ್ಮ ಖಚಿತ ಅಭಿಪ್ರಾಯ.

ಹಾಗಾದರೆ ಇನ್ನೊಂದು ಪಂಗಡದವರು ಹೇಳುವಂತೆ ಇದೆಲ್ಲ ಬುರುಡೆಯೆ? ಅದೂ ಅಲ್ಲ. ನಮ್ಮ ಕಡೆ ಬೋರ್‌ವೆಲ್ ಕೊರೆಸುವ ಮೊದಲು ಪಾಯಿಂಟ್ ಮಾಡಿಸುವುದನ್ನು ನೋಡಿದ್ದೀರಷ್ಟೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಇಲ್ಲವೆ ಕವೆಕಡ್ಡಿ ಹಿಡಿದುಕೊಂಡು, ಒಬ್ಬರು ಹೊಲವೆಲ್ಲ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ಗೂಟ ಹೊಡೆಯುತ್ತಾರೆ. ನೀರು ಬಿದ್ದರೆ ಅವರ ಕೈಗುಣ. ಬೀಳದಿದ್ದರೆ ನಮ್ಮ ಹಣೆಬರಹ. ನೀರು ಬಿದ್ದ ಹೊಲದ ಹೆಸರು ಹತ್ತೂರಿಗೆ ಗೊತ್ತಾಗುತ್ತದೆ, ಒಣಗಿದ ಬಾವಿಯನ್ನು ಎಣಿಸುವವರೇ ಇಲ್ಲ. ಫ್ಲಿಂಟ್‌ನ ಪ್ರಾಧ್ಯಾಪಕರಿಗೂ ಕವೆಕಡ್ಡಿಯವರಿಗೂ ಇರುವ ವ್ಯತ್ಯಾಸ ಗಣಕಯಂತ್ರದ್ದಲ್ಲ. ಇವರು ಬರಿದಾದ ಗುಂಡಿಗಳನ್ನೂ ಎಣಿಸಿದರು, ಎಣಿಸಿ ಎಲ್ಲರ ಮುಂದಿಟ್ಟರು. ಬರಿಗುಂಡಿಗಳ ಲೆಕ್ಕ ಕೊಡದ ಯಂತ್ರ ಎಷ್ಟೇ ದುಬಾರಿಯದಾಗಿರಲಿ, ಅದೂ ಅಂಗೈ ಮೇಲಿನ ತೆಂಗಿನಕಾಯಿಯೇ.

ಇದೇ ಅಳತೆಗೋಲನ್ನು ಹಿಡಿದು ಷಿಕಾಗೋ ಕಡೆಯ ಒಂದು ಸುದ್ದಿಯನ್ನು ನೋಡೋಣ. ಆರು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 68 ಮಂದಿ ಸೀಸ ಬೆರೆತ ನೀರು ಕುಡಿಯುತ್ತಿದ್ದಾರೆಂದು 2024ರ ಮಾರ್ಚಿನಲ್ಲಿ ಪತ್ರಿಕೆಗಳಲ್ಲಿ ಬಂತು. ಓದಿದವರು ಒಂದೋ ಹೌಹಾರಿದರು, ಇಲ್ಲವೆ ಪುಟ ತಿರುವಿದರು. ನಿಜಸಂಗತಿ ಇಷ್ಟು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಬೆಂಜಮಿನ್ ಹುಯಿನ್ ಮತ್ತು ಸಂಗಡಿಗರು, ನಗರದವರು ಮಾಡಿದ್ದ 38,385 ಮನೆಗಳ ಪರೀಕ್ಷೆಯ ಫಲಗಳನ್ನು ತೆಗೆದುಕೊಂಡು, ಪರೀಕ್ಷೆಯಾಗದ ಬೀದಿಗಳಲ್ಲಿ ಹೇಗಿರಬಹುದೆಂದು ಗಣಕಯಂತ್ರದಿಂದ ಅಂದಾಜು ಕಟ್ಟಿದರು. ಅಂದರೆ ಒಂದು ಭಾಗ ಅಳೆದದ್ದು, ಉಳಿದದ್ದು ಊಹೆ. "ಸೀಸ ಬೆರೆತ" ಎಂದರೆ ಇಲ್ಲಿ ಶತಕೋಟಿಯಲ್ಲಿ ಒಂದು ಭಾಗ ಅಥವಾ ಹೆಚ್ಚು. ಕಾನೂನಿನ ಮಿತಿ ಅದಕ್ಕಿಂತ ಬಹಳ ಮೇಲಿದೆ. ಆದರೆ ಮಕ್ಕಳ ಮಟ್ಟಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಿತಿಯೇ ಇಲ್ಲವೆಂದು ವೈದ್ಯರು ಹೇಳುವುದರಿಂದ, ಸುದ್ದಿಯನ್ನು ತಳ್ಳಿಹಾಕುವಂತೆಯೂ ಇಲ್ಲ. ಪರೀಕ್ಷೆ ನಡೆದದ್ದು ಕೇಳಿ ಪಡೆದವರ ಮನೆಗಳಲ್ಲಿ. ಕೇಳದವರ ಮನೆಗಳು ಊಹೆಯ ಪಾಲಾದವು.

ಕೇಳದವರಲ್ಲಿ ನಾವೂ ಇದ್ದೇವೆ ಎಂಬುದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು. ಅಮೆರಿಕದಲ್ಲಿ ಅತ್ಯಂತ ಹೆಚ್ಚು ಸೀಸದ ಸರ್ವಿಸ್ ಪೈಪುಗಳಿರುವ ನಗರ ಷಿಕಾಗೋ, ಸುಮಾರು 4,00,000. 1986ರಲ್ಲಿ ದೇಶದಾದ್ಯಂತ ನಿಷೇಧ ಬರುವವರೆಗೆ ಚಿಕ್ಕ ಮನೆಗಳಿಗೆ ಸೀಸದ ಪೈಪನ್ನೇ ಹಾಕಬೇಕೆಂದು ಅಲ್ಲಿಯ ಕಟ್ಟಡದ ಕಾನೂನು ಹೇಳುತ್ತಿತ್ತು. ನೇಪರ್‌ವಿಲ್‌ನಲ್ಲೋ ಕ್ಯಾಂಟನ್‌ನಲ್ಲೋ ಈಚೆಗೆ ಕಟ್ಟಿದ ಮನೆಯಲ್ಲಿರುವವರು ನಿಶ್ಚಿಂತೆಯಿಂದ ಇರಬಹುದು. ಆದರೆ ಓದಲು ಬಂದ ವಿದ್ಯಾರ್ಥಿಗಳು, ಹೊಸದಾಗಿ ಮದುವೆಯಾಗಿ ಬಂದವರು ಬಾಡಿಗೆ ಹಿಡಿಯುವುದು ನಗರದೊಳಗಿನ ನೂರು ವರ್ಷದ ಮನೆಗಳನ್ನು. ಮೊದಲ ಮಗು ಹುಟ್ಟುವುದೂ ಅಲ್ಲೇ.

ನಮ್ಮವರಲ್ಲಿ ಒಂದು ದೊಡ್ಡ ನಂಬಿಕೆಯಿದೆ: ನೀರನ್ನು ಕುದಿಸಿಬಿಟ್ಟರೆ ಎಲ್ಲ ದೋಷವೂ ಹೋಯಿತು. ಕುದಿಸಿದರೆ ಕ್ರಿಮಿ ಸಾಯುತ್ತದೆ. ಸೀಸ ಸಾಯುವ ವಸ್ತುವಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಸೀಸ ಹೆಚ್ಚುತ್ತದೆ. ಬೇಗ ಆಗಲೆಂದು ಬಿಸಿನೀರಿನ ನಲ್ಲಿಯಿಂದ ಕಾಫಿಗೂ ಅನ್ನಕ್ಕೂ ನೀರು ಹಿಡಿಯುವುದು ಇನ್ನೂ ಕೆಟ್ಟದ್ದು, ಬಿಸಿನೀರು ಸೀಸವನ್ನು ಹೆಚ್ಚು ಕರಗಿಸುತ್ತದೆ. ಅಡಿಗೆಗೆ ತಣ್ಣೀರಿನ ನಲ್ಲಿ, ಬೆಳಿಗ್ಗೆ ಒಂದಿಷ್ಟು ನೀರು ಹರಿಯಬಿಟ್ಟ ಮೇಲೆ, ಸೀಸ ತೆಗೆಯುತ್ತದೆಂದು ಪ್ರಮಾಣಪತ್ರವಿರುವ ಫಿಲ್ಟರಿನ ಮೂಲಕ. "ನಾವೆಲ್ಲ ನಲ್ಲಿ ನೀರು ಕುಡಿದೇ ಬೆಳೆಯಲಿಲ್ಲವೇನಪ್ಪ?" ಎಂದು ಊರಿನಿಂದ ಬಂದ ಹಿರಿಯರು ಕೇಳುತ್ತಾರೆ. ಬೆಳೆದೆವು, ನಿಜ. 2000ದ ತನಕ ಬೆಂಗಳೂರಿನ ರಸ್ತೆಗಳಲ್ಲಿ ಸೀಸದ ಪೆಟ್ರೋಲಿನ ಹೊಗೆಯನ್ನೂ ಕುಡಿದೇ ಬೆಳೆದೆವು. ಅದರಿಂದ ನಮ್ಮ ಬುದ್ಧಿಗೆ ಎಷ್ಟು ಖೋತಾ ಆಯಿತೆಂದು ಅಳೆಯಲು ಈಗ ದಾರಿಯಿಲ್ಲ, ಅಷ್ಟೆ.

ನೆಲಮಾಳಿಗೆಗೆ ಇಳಿದು, ಗೋಡೆಯಿಂದ ಮೀಟರಿಗೆ ಬರುವ ಪೈಪನ್ನು ಒಂದು ನಾಣ್ಯದಿಂದ ಮೆಲ್ಲಗೆ ಕೆರೆದು ನೋಡಿ. ಕೆಂಪಗೆ ಹೊಳೆದರೆ ತಾಮ್ರ. ಬೆಳ್ಳಿಯಂತೆ ಹೊಳೆದು, ಮೆತ್ತಗಿದ್ದು, ಅಯಸ್ಕಾಂತ ಅಂಟದಿದ್ದರೆ ಸೀಸ. ಎಲ್ಲ ನೀರಿನ ಕಚೇರಿಗಳೂ ಯಾವ ಮನೆಗೆ ಯಾವ ಪೈಪೆಂಬ ಪಟ್ಟಿಯನ್ನು 2024ರ ಅಕ್ಟೋಬರಿನೊಳಗೆ ತಯಾರಿಸಬೇಕೆಂದು ನಿಯಮವಿತ್ತು. ನಿಮ್ಮ ಊರಿನ ಪಟ್ಟಿಯಲ್ಲಿ ನಿಮ್ಮ ವಿಳಾಸ ನೋಡಿ. "ಗೊತ್ತಿಲ್ಲ" ಎಂದಿದ್ದರೆ ಅದು "ಇಲ್ಲ" ಎಂದಲ್ಲ. ಷಿಕಾಗೋದಲ್ಲಿ 311ಕ್ಕೆ ಫೋನ್ ಮಾಡಿದರೆ ಪರೀಕ್ಷೆಯ ಸೀಸೆಗಳನ್ನು ಪುಕ್ಕಟೆಯಾಗಿ ಕೊಡುತ್ತ ಬಂದಿದ್ದಾರೆ. ಚಿಕ್ಕ ಮಕ್ಕಳಿದ್ದರೆ ಡಾಕ್ಟರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿ.

ಕೊನೆಗೊಂದು ಸೂಚನೆ. ಷಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದವರಾಗಲಿ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟದವರಾಗಲಿ, ಪ್ರೋಗ್ರಾಮ್ ಬಲ್ಲವರಿಗೆ ನಮ್ಮಲ್ಲಿ ಬರವಿಲ್ಲ. ಸದಸ್ಯರ ವಿಳಾಸಗಳನ್ನು ಅವರವರ ಒಪ್ಪಿಗೆಯ ಮೇಲೆ ಊರಿನ ಪಟ್ಟಿಗಳೊಡನೆ ಹೋಲಿಸಿ ನೋಡಲು ಇಬ್ಬರಿಗೆ ಒಂದು ಶನಿವಾರದ ಮಧ್ಯಾಹ್ನ ಸಾಕು. "ಗೊತ್ತಿಲ್ಲ" ಎಂದು ಬಂದ ಮನೆಗಳಿಗೆ ನಾಣ್ಯ, ಅಯಸ್ಕಾಂತ ಹಿಡಿದು ಬರಲು ನಾವು ಸಿದ್ಧ. ಎಷ್ಟು ಮನೆ ನೋಡಿದೆವು, ಎಷ್ಟರಲ್ಲಿ ಸೀಸ ಸಿಕ್ಕಿತು, ಎಷ್ಟರಲ್ಲಿ ಸಿಗಲಿಲ್ಲ ಎಂಬುದನ್ನು, ಯಾರ ಹೆಸರನ್ನೂ ಹೇಳದೆ, ಇದೇ ಪತ್ರಿಕೆಯಲ್ಲಿ ಅಚ್ಚು ಹಾಕಿಸೋಣ. ಕಾಫಿ ಕೊಟ್ಟರೆ ಬೇಡವೆನ್ನುವುದಿಲ್ಲ. ನೀರು ಎಲ್ಲಿಯದೆಂದು ಮಾತ್ರ ಮೊದಲೇ ಕೇಳುತ್ತೇವೆ.