ಪೂಲುವಪಟ್ಟಿಗೆ ವಕೀಲರು ಬೇಕಾಗಿದ್ದಾರೆ

ಕೊಯಮತ್ತೂರಿನ ಪಶ್ಚಿಮಕ್ಕೆ ಪೂಲುವಪಟ್ಟಿ. ಅಲ್ಲಿನ ಶಿಬಿರದಲ್ಲಿ ಶ್ರೀಲಂಕಾದಿಂದ ಜೀವ ಉಳಿಸಿಕೊಂಡು ಬಂದ ತಮಿಳರ ಸಂಸಾರಗಳಿವೆ. 1983ರ ಹತ್ಯಾಕಾಂಡದ ನಂತರ ದೋಣಿ ಹತ್ತಿ ಬಂದವರ ಮೊಮ್ಮಕ್ಕಳು ಇಂದು ತಮಿಳುನಾಡಿನ ಇಂಥ ಶಿಬಿರಗಳಲ್ಲಿ ಬೆಳೆಯುತ್ತಿದ್ದಾರೆ. 2021ರಲ್ಲಿ ರಾಜ್ಯ ಸರ್ಕಾರ ಇವಕ್ಕೆ ‘ಪುನರ್ವಸತಿ ಶಿಬಿರ’ ಎಂದು ಹೊಸ ಹೆಸರಿಟ್ಟಿತು. ಆದರೆ ಪೌರತ್ವ ಕೊಡುವುದು ದೆಹಲಿ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಶ್ರೀಲಂಕಾದ ಹೆಸರೇ ಇಲ್ಲ.

ಹಾಗೆಂದು ಎಲ್ಲ ದಾರಿಯೂ ಮುಚ್ಚಿಲ್ಲ. 1950ರ ಜನವರಿ 26ರಿಂದ, 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು, ತಂದೆ ತಾಯಿ ಹೊರದೇಶದವರಾದರೂ, ಹುಟ್ಟಿನಿಂದಲೇ ಭಾರತೀಯರು. 1986ರಲ್ಲಿ ಮಂಡಪಂ ಶಿಬಿರದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಇದನ್ನೇ ಹಿಡಿದು ಮದ್ರಾಸ್ ಹೈಕೋರ್ಟಿಗೆ ಹೋದಳು. 2022ರಲ್ಲಿ ಪಾಸ್‌ಪೋರ್ಟ್ ಕೊಡಿ ಎಂದು ಕೋರ್ಟು ಆದೇಶಿಸಿತು. 2024ರಲ್ಲಿ ಅವಳು ಓಟು ಹಾಕಿದಳು. ಅವಳು ಹುಟ್ಟಿದಾಗಲೂ ಆ ಕಾನೂನು ಇತ್ತು. ಅದು ಅವಳ ಕೈಗೆ ಸಿಗಲು ಮೂವತ್ತಾರು ವರ್ಷ, ಒಬ್ಬ ವಕೀಲ ಬೇಕಾಯಿತು.

ವಕೀಲರು ಬೇಕಾಗಿರುವುದು ಶಿಬಿರಗಳಿಗೆ ಮಾತ್ರವಲ್ಲ. ತಿರುಪ್ಪೂರಿಗೆ ಬನ್ನಿ. ಬನಿಯನ್ ಕಂಪನಿಗಳಲ್ಲಿ ಬಿಹಾರ, ಒಡಿಶಾ, ಅಸ್ಸಾಂ, ಪಶ್ಚಿಮ ಬಂಗಾಳದ ಕಾರ್ಮಿಕರು ಬಟ್ಟೆ ಹೊಲಿಯುತ್ತಾರೆ. ಬಾಂಗ್ಲಾದೇಶಿಗಳನ್ನು ಹುಡುಕುತ್ತ ಪೊಲೀಸರು ಬಂದಾಗ ಬಂಗಾಳಿ ಮಾತನಾಡುವ ಭಾರತೀಯನ ಎದೆಯೂ ನಡುಗುತ್ತದೆ. ತಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು ಕಾನೂನು ಅವನ ತಲೆಗೇ ಕಟ್ಟಿದೆ. ಕಾಗದಪತ್ರ ಊರಿನ ಪೆಟ್ಟಿಗೆಯಲ್ಲಿ, ಅವನು ಠಾಣೆಯಲ್ಲಿ, ಸುತ್ತಲೂ ಅರಿಯದ ಭಾಷೆ. ಹೇಗೆ ಸಾಬೀತು ಮಾಡಿಯಾನು? ಇನ್ನು ಗಡಿ ದಾಟಿಯೇ ಬಂದವನಿಗೆ ವಕೀಲ ಬೇಡವೇ? ಬೇಕು. ಸಂವಿಧಾನದ 21ನೇ ವಿಧಿ ಕಾಯುವುದು ಈ ನೆಲದ ಮೇಲಿರುವ ಪ್ರತಿ ಮನುಷ್ಯನನ್ನು.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಕಾರ್ಖಾನೆಯ ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ ವಕೀಲರ ನೆರವು ಉಚಿತ. ಪೌರತ್ವದ ದಾಖಲೆ ತೋರಿಸಬೇಕೆಂಬ ಷರತ್ತು ಅದರಲ್ಲಿಲ್ಲ. ಜಿಲ್ಲೆಗೊಂದು ಪ್ರಾಧಿಕಾರವಿದೆ, 15100 ಎಂಬ ಸಹಾಯವಾಣಿಯಿದೆ. ಕೊರತೆ ಇರುವುದು ಶಿಬಿರದ ಬಾಗಿಲಿಗೆ, ಠಾಣೆಯ ಬೆಂಚಿಗೆ ಹೋಗಿ ಕೂರುವ ಜನರದು.

ಕೊಯಮತ್ತೂರು, ತಿರುಪ್ಪೂರು ಸೇರಿದ ಈ ಕೊಂಗುನಾಡಿನ ಕನ್ನಡಿಗರೇ, ಈ ಮಾತು ನಿಮಗೆ. ಮಗ್ಗ ಹೊತ್ತು ಬಂದ ದೇವಾಂಗರು ಇಲ್ಲಿ ನೆಲೆ ಕಂಡರು. ಇಂದಿಗೂ ಮನೆಯೊಳಗೆ ಕನ್ನಡವಾಡುತ್ತಾರೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಲಂಕೆಯಿಂದ ಬಂದವರನ್ನು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳು ಇಟ್ಟುಕೊಂಡವು. ವಲಸೆಯ ಕಷ್ಟ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಕೀಲರೇ, ತಿಂಗಳಿಗೊಂದು ಶನಿವಾರ ಶಿಬಿರಕ್ಕೆ ಹೋಗಿ. ಜನನ ಪತ್ರ ನೋಡಿ, ಅರ್ಜಿ ಬರೆದುಕೊಡಿ. ಹಿಂದಿ, ಬಂಗಾಳಿ ಬಲ್ಲವರೇ, ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕರಾಗಿ ಹೆಸರು ಬರೆಸಿ. ಕಂಪನಿ ಯಜಮಾನರೇ, ನಿಮ್ಮ ಹಾಸ್ಟೆಲಿನ ಗೋಡೆಗಳ ಮೇಲೆ 15100 ಎಂದು ಆ ಕಾರ್ಮಿಕರ ಭಾಷೆಯಲ್ಲೇ ಬರೆಸಿ. ಹೊಲಿಸಿಕೊಳ್ಳಲು ಬೇಕಾದವನು ಕಟಕಟೆಯಲ್ಲಿ ನಿಂತಾಗ ಪರಕೀಯನಾದರೆ, ಅದು ನಮ್ಮೆಲ್ಲರ ಅಪರಾಧ.