ಹೆಸರಿನ ಜಾಮೀನು

ಸರ್ವಾಧಿಕಾರಿ ಆಳ್ವಿಕೆಯಲ್ಲಿ ಸಿಕ್ಕಿಬಿದ್ದ ಕಲಾವಿದರ ಪರವಾಗಿ ತಾರೆಯರು ಬಾಯಿ ತೆರೆದರೆ ಅದನ್ನು ಪ್ರಚಾರದ ಗೀಳೆಂದು ಹಳಿಯುವುದು ಈಗ ರೂಢಿಯಾಗಿದೆ. ಆದರೆ ಆ ಬೆಂಬಲ ಎಷ್ಟು ಪ್ರಾಮಾಣಿಕ ಎಂದು ಅಳೆಯುತ್ತ ಕೂರುವವರು, ಅಂಥ ಬೆಂಬಲವೇ ಇಲ್ಲದಿದ್ದಾಗ ಏನಾಯಿತೆಂಬುದನ್ನು ಕನ್ನಡ ಚಿತ್ರರಂಗದ ಚರಿತ್ರೆಯಲ್ಲೇ ನೋಡಬಹುದು.

ಕನ್ನಡಕ್ಕೆ ಮೊದಲ ಬಾರಿಗೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ತಂದ ‘ಸಂಸ್ಕಾರ’ದಲ್ಲಿ ಚಂದ್ರಿಯಾಗಿ ನಟಿಸಿದ್ದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮೇ 2ರಂದು, ಸರ್ಕಾರದ ವಿರುದ್ಧ ಸ್ಫೋಟದ ಸಂಚು ನಡೆದಿತ್ತೆಂಬ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಪಾತ್ರವಿದೆಯೆಂಬ ಸಂಶಯದ ಮೇಲೆ ಬಂಧಿಸಲಾಯಿತು. ಬಂಧಿತರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ, ಬಂಧನ ಸಕ್ರಮವೇ ಎಂದು ಪರಿಶೀಲಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಯ ದಾರಿಯನ್ನು ಸುಪ್ರೀಂ ಕೋರ್ಟ್ ಏಪ್ರಿಲ್ 28ರಂದು, ಎಂದರೆ ಅದಕ್ಕೆ ನಾಲ್ಕೇ ದಿನ ಮೊದಲು, ಮುಚ್ಚಿಬಿಟ್ಟಿತ್ತು. ಆರೋಪಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಕೂಡಿಹಾಕಲು ಅವಕಾಶವಿದ್ದ ಮೀಸಾ ಕಾಯ್ದೆಯಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಡಲಾಯಿತು. ಉಬ್ಬಸದಿಂದ ನರಳುತ್ತಿದ್ದ ಅವರ ಕೂಗು ರಾತ್ರಿಯ ನೀರವತೆಯಲ್ಲಿ ತಮಗೆ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದ ಅವರು 20ರಂದು ತೀರಿಕೊಂಡರು.

ಈ ಎಂಟು ತಿಂಗಳಲ್ಲಿ ಚಿತ್ರರಂಗದ ಪ್ರಭಾವಿಗಳು ಅವರ ಬೆನ್ನಿಗೆ ಬಹಿರಂಗವಾಗಿ ಸಾಲುಗಟ್ಟಲಿಲ್ಲ. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ಮಾತಾಡಿದ್ದರೂ ಅಚ್ಚಾಗುತ್ತಿರಲಿಲ್ಲ ಎಂಬ ಸಮಜಾಯಿಷಿ ಅರ್ಧ ನಿಜ. ಯುವ ಕಾಂಗ್ರೆಸ್ಸಿನ ಕಾರ್ಯಕ್ರಮಕ್ಕೆ ಹಾಡಲೊಪ್ಪದ ಕಿಶೋರ್ ಕುಮಾರ್ ಅವರ ಹಾಡುಗಳು ಆಕಾಶವಾಣಿಯಿಂದ ಮಾಯವಾದದ್ದನ್ನು ಕಂಡವರಿಗೆ ಭಯವಿದ್ದುದೂ ಸಹಜ. ಆದರೆ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದ್ದು ಇದೇ ಕಾಲದಲ್ಲಿ, ಇದೇ ಸರ್ಕಾರಕ್ಕೆ. ಆ ಸುದ್ದಿ ಪತ್ರಿಕೆಯಲ್ಲಿ ಬರಲಿ ಬಿಡಲಿ, ತಲುಪಬೇಕಾದವರಿಗೆ ತಲುಪಿತ್ತು.

ದಾವಣಗೆರೆಯ ಮಂಡಿಪೇಟೆಯಂಥ ಸಗಟು ಪೇಟೆಯಲ್ಲಿ ಗುರುತಿಲ್ಲದ ಗಿರಾಕಿಗೆ ಉದ್ರಿ ಸಿಗುವುದು, ಹೆಸರುವಾಸಿಯೊಬ್ಬರು ಜಾಮೀನು ನಿಂತಾಗ. ಅವರಿಗೆ ಆ ಗಿರಾಕಿಯ ಮೇಲೆ ಎಷ್ಟು ಮಮತೆಯೆಂದು ಅಂಗಡಿಯವರು ಕೇಳುವುದಿಲ್ಲ. ತಾರೆಯ ಬೆಂಬಲವೂ ಇಂಥದ್ದೇ ಜಾಮೀನು. 2010ರ ಮೇ ತಿಂಗಳಲ್ಲಿ ನಟಿ ಜೂಲಿಯೆಟ್ ಬಿನೋಷ್ ಕಾನ್ ಚಿತ್ರೋತ್ಸವದ ಪ್ರಶಸ್ತಿ ವೇದಿಕೆಯಲ್ಲಿ ಇರಾನಿನ ಬಂಧಿತ ನಿರ್ದೇಶಕ ಜಾಫರ್ ಪನಾಹಿಯ ಹೆಸರಿನ ಫಲಕ ಹಿಡಿದು ನಿಂತರು. ಎರಡು ದಿನಗಳಲ್ಲಿ ಪನಾಹಿಗೆ ಜಾಮೀನು ಸಿಕ್ಕಿತು. ಅದಕ್ಕೆ ಫಲಕವೊಂದೇ ಕಾರಣವಲ್ಲ, ಅದೇ ಡಿಸೆಂಬರ್‌ನಲ್ಲಿ ಅವರಿಗೆ ಆರು ವರ್ಷಗಳ ಶಿಕ್ಷೆಯೂ ಆಯಿತು. ಆದರೂ ಪನಾಹಿಯನ್ನು ಜಗತ್ತು ಮರೆಯದಿದ್ದುದಕ್ಕೆ ಅಂಥ ಫಲಕಗಳ ಪಾಲು ಸಣ್ಣದಲ್ಲ.

ತಕರಾರು ಎತ್ತಬೇಕಾದದ್ದು ದೂರದ ಇರಾನಿಗೆ ಮಾತ್ರ ಮಿಡಿಯುವ ಎದೆಯ ಬಗ್ಗೆ. 2015ರ ಅಕ್ಟೋಬರ್‌ನಲ್ಲಿ ಯುವ ದಲಿತ ಬರಹಗಾರ ಹುಚ್ಚಂಗಿ ಪ್ರಸಾದ್, ಬರೆದ ಕಾರಣಕ್ಕೆ ತಮ್ಮ ಮೇಲೆ ಹಲ್ಲೆಯಾಯಿತೆಂದು ದೂರು ಕೊಟ್ಟದ್ದು ಇದೇ ದಾವಣಗೆರೆಯಲ್ಲಿ. ಅದು ಸರ್ವಾಧಿಕಾರದ ಕಾಲವಲ್ಲ, ಮಾತಾಡಿದರೆ ಮೀಸಾದ ಭಯವೂ ಇರಲಿಲ್ಲ. ಆದ್ದರಿಂದಲೇ ಚಿತ್ರದ ಪ್ರಚಾರಕ್ಕೆಂದು ಈ ಊರಿಗೆ ಬಂದುಹೋಗುವ ತಾರೆಯರನ್ನು, ಅಂಥ ಹುಡುಗರಿಗೆ ನಿಮ್ಮ ಹೆಸರಿನ ಜಾಮೀನು ಯಾಕಿಲ್ಲವೆಂದು ಕೇಳುವುದು ನ್ಯಾಯ.